ಹಸಿರು ಚೀಟಿಯ ಇಲಿಗಳು ಏಕೆ ತೆಳ್ಳಗಿದ್ದವು

ಎರಡು ಗೆರೆಗಳು ಒಂದೇ ಕಡೆಯಿಂದ ಹೊರಟು ಬರಬರುತ್ತ ಬೇರೆಯಾಗಿದ್ದವು. ಹಳದಿ ಗೆರೆ ಕಡಿದಾಗಿ ಮೇಲಕ್ಕೇರಿತ್ತು. ಹಸಿರು ಗೆರೆ ಅದರ ಕೆಳಗೆ ಸೋಮಾರಿಯಂತೆ ಸಾಗಿತ್ತು. ಜಿಗಣಿಯ ನಮ್ಮ ಪ್ರಯೋಗಾಲಯದ ಮೀಟಿಂಗ್ ಕೋಣೆಯಲ್ಲಿ ಇಲಿಗಳ ತೂಕದ ಆ ಚಿತ್ರವನ್ನು ಗೋಡೆಯ ಮೇಲೆ ಮೂಡಿಸಿ ನಾನು ಪಕ್ಕಕ್ಕೆ ಸರಿದು ನಿಂತೆ. ಎಣ್ಣೆ ಗಿರಣಿಯ ಮಾಲೀಕರು ಕುರ್ಚಿಯಿಂದ ಎದ್ದು ಗೋಡೆಯ ಹತ್ತಿರ ಬಂದು, ಹಸಿರು ಗೆರೆಯ ಮೇಲೆ ಬೆರಳಾಡಿಸಿದರು.

"ಮೇಡಂ, ಎರಡು ಗುಂಪಿಗೂ ಆಕಿರೋದು ಒಂದೇ ಅಳತೆನಾ?"

"ಒಂದೇ ಅಳತೆ ಸಾರ್. ತಿಂದಿರೋದೂ ಹೆಚ್ಚುಕಡಿಮೆ ಅಷ್ಟೇ."

"ಅಂಗಾರೆ ಮೇಲಿನ ಗೆರೆಯವು ದಪ್ಪ ಆಗಿರೋದು ಜಾಸ್ತಿ ತಿಂದಿದ್ದಕ್ಕಲ್ಲ."

"ಇಲ್ಲಿಯವರೆಗಿನ ಲೆಕ್ಕ ಹಾಗೇ ಹೇಳ್ತಿದೆ."

ಅವರು ತಿರುಗಿ ನೋಡಿದಾಗ ಕಣ್ಣು ಒದ್ದೆಯಾಗಿತ್ತು. ಗಿರಾಕಿಯೊಬ್ಬರು ಗ್ರಾಫ್ ನೋಡಿ ಕಣ್ಣೀರು ತಂದುಕೊಂಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಅವರದು ಮಾದನಾಯಕನಹಳ್ಳಿ ಕಡೆಯ ಒಕ್ಕಲು ಮನೆತನ. ಹೊಲವಿದ್ದ ಜಾಗದಲ್ಲಿ ಈಗ ಗೋದಾಮುಗಳು ಎದ್ದಿವೆ. ಅಣ್ಣ ಬಾಡಿಗೆ ನೋಡಿಕೊಂಡರೆ, ಇವರು ಉಳಿದ ಒಂದು ತುಂಡು ಜಾಗದಲ್ಲಿ ಎಣ್ಣೆ ತೆಗೆಯುವ ಘಟಕ ಹಾಕಿದ್ದರು. ನಲವತ್ತೈದರ ಆಸುಪಾಸಿನ, ಬಹಳ ದಪ್ಪ ಮೈಯ ಮನುಷ್ಯ. ಮೊದಲ ಭೇಟಿಯಲ್ಲೇ ಅವರು ವ್ಯಾಪಾರದ ಮಾತಿಗೂ ಮುಂಚೆ ನನಗೆ ಹೇಳಿದ್ದು ಇದು: "ನಾನೂ ನಮ್ಮಣ್ಣನೂ ಒಂದೇ ಮನೇಲಿ ಒಂದೇ ಮುದ್ದೆ ಉಂಡು ಬೆಳೆದೋರು ಮೇಡಂ. ಅವ್ನು ಇವತ್ಗೂ ಕಡ್ಡಿ ಇದ್ದಂಗವ್ನೆ. ನಾನು ಇಂಗಿದ್ದೀನಿ. ಊರೆಲ್ಲ ಯೋಳೋದು ಒಂದೇ ಮಾತು, ಕದ್ದು ತಿಂತಾನೆ ಅಂತ."

ಅವರು ಓದಿಕೊಂಡಿದ್ದ ವಿಚಾರ ಇಷ್ಟು. ನಮ್ಮ ದೇಹ ತಾನಾಗಿ ತಯಾರಿಸಿಕೊಳ್ಳಲಾಗದ, ಊಟದಿಂದಲೇ ಬರಬೇಕಾದ ಕೊಬ್ಬು ಎರಡು ಬಗೆ: ಒಮೆಗಾ ಆರು ಮತ್ತು ಒಮೆಗಾ ಮೂರು. ಸೂರ್ಯಕಾಂತಿ ಎಣ್ಣೆಯಲ್ಲಿ ಮೊದಲನೆಯದು ತುಂಬಿದೆ, ಎರಡನೆಯದು ಇಲ್ಲವೇ ಇಲ್ಲ ಎನ್ನಬಹುದು. ಅಗಸೆ ಎಣ್ಣೆಯಲ್ಲಿ ಎರಡನೆಯದು ಹೇರಳ. ದೇಹದೊಳಗೆ ಎರಡನ್ನೂ ಪಳಗಿಸುವ ಕಿಣ್ವಗಳು ಒಂದೇ ಆದ್ದರಿಂದ ಒಂದು ಅತಿಯಾದರೆ ಇನ್ನೊಂದಕ್ಕೆ ಸರದಿ ಸಿಗುವುದಿಲ್ಲ. ಈ ಸಮತೋಲ ತಪ್ಪಿದಾಗ, ತಿನ್ನುವ ಪ್ರಮಾಣ ಅಷ್ಟೇ ಇದ್ದರೂ ಕೊಬ್ಬಿನ ಕೋಶಗಳು ಹೆಚ್ಚು ಬಲಿಯಬಹುದು ಎಂದು ಕೆಲವು ಸಂಶೋಧಕರು ಭಾವಿಸುತ್ತಾರೆ. 'ಬಹುದು' ಎನ್ನುವುದಕ್ಕಿಂತ ಮುಂದೆ ಹೋಗಲು ಯಾರಿಗೂ ಧೈರ್ಯವಿಲ್ಲ. ಇವರು ಕಡಲೆಕಾಯಿ ಎಣ್ಣೆಗೆ ಅಗಸೆ ಎಣ್ಣೆ ಬೆರೆಸಿ ಎರಡೂ ಬಗೆ ಸರಿದೂಗುವ ಮಿಶ್ರಣ ಮಾಡಿದ್ದರು. ಅದನ್ನು ಇಲಿಗಳ ಮೇಲೆ ಪರೀಕ್ಷಿಸಿ ಕೊಡುವುದು ನಮ್ಮ ಕೆಲಸ. ಆ ಅಧ್ಯಯನದ ಹೊಣೆ ನನ್ನದು.

ಏರ್ಪಾಡು ಸರಳವಾಗಿತ್ತು. ಕಪ್ಪು ಬಣ್ಣದ ಪುಟ್ಟ ಇಲಿಗಳು, ಪಾರದರ್ಶಕ ಪ್ಲಾಸ್ಟಿಕ್ ಕೇಜುಗಳು, ಪ್ರತಿ ಕೇಜಿಗೆ ಒಂದು ಬಣ್ಣದ ಚೀಟಿ. ಬಿಳಿ ಚೀಟಿಯವಕ್ಕೆ ಮಾಮೂಲಿ ತಿನಿಸು. ಹಳದಿಯವಕ್ಕೆ ಸೂರ್ಯಕಾಂತಿ ಎಣ್ಣೆ ಹೆಚ್ಚಾಗಿ ಬೆರೆಸಿದ ತಿನಿಸು. ಹಸಿರಿನವಕ್ಕೆ ಅಷ್ಟೇ ಎಣ್ಣೆ, ಆದರೆ ಮಾಲೀಕರ ಮಿಶ್ರಣದ್ದು. ಕೇಜಿನ ಮುಚ್ಚಳದಲ್ಲಿ ತಂತಿಯ ತೊಟ್ಟಿ ಇರುತ್ತದೆ. ಇಲಿ ಕೆಳಗಿನಿಂದ ಕತ್ತೆತ್ತಿ ತಂತಿಯ ಸಂದಿನಲ್ಲಿ ಕಡಿದು ತಿನ್ನುತ್ತದೆ. ವಾರಕ್ಕೆ ಎರಡು ಸಲ ತೊಟ್ಟಿಯಲ್ಲಿ ಉಳಿದದ್ದನ್ನು ತೂಗಿ ಹೊಸದನ್ನು ತುಂಬುತ್ತಿದ್ದೆವು. ಹಾಕಿದ್ದರಲ್ಲಿ ಉಳಿದದ್ದನ್ನು ಕಳೆದರೆ ತಿಂದದ್ದು ಸಿಗುತ್ತದೆ. ಎಲ್ಲ ಕಡೆ ಹೀಗೇ ಮಾಡುತ್ತಾರೆ.

ಮೀಟಿಂಗ್ ಮುಗಿದ ಮೇಲೆ ನಮ್ಮ ನಿರ್ದೇಶಕರು ನನ್ನ ಮೇಜಿನ ಹತ್ತಿರ ಬಂದರು. ಪ್ರಯೋಗಾಲಯ ಕಟ್ಟಿ ನಿಲ್ಲಿಸಿದವರು ಅವರೇ. ಆ ವರ್ಷ ಕೆಲಸ ಕಡಿಮೆಯಾಗಿ ಪ್ರಾಣಿಮನೆಯ ಅರ್ಧಭಾಗ ಖಾಲಿ ಬಿದ್ದಿತ್ತು.

"ಸಕ್ಕತ್ ಡೇಟಾ ಮೇಡಂ. ಕೊನೇ ಸ್ಟೇಜ್ ಒಂದು ನೀಟಾಗಿ ಮುಗಿಸ್ಬಿಡಿ. ಇವ್ರನ್ನ ತೋರಿಸಿ ಇನ್ನೂ ನಾಲ್ಕು ಜನ ಕ್ಲೈಂಟ್ಸ್ ತರ್ತೀನಿ."

ಕೊನೆಯ ಹಂತ ಎಂದರೆ ಇಲಿಗಳನ್ನು ನೋವಾಗದಂತೆ ಕೊಂದು, ಹೊಟ್ಟೆಯ ಕೊಬ್ಬನ್ನು ಬಿಡಿಸಿ ತೂಗುವುದು. ದಿನ ಗೊತ್ತಾಯಿತು. ಮಾಲೀಕರು ತಾವೂ ನಿಂತು ನೋಡುತ್ತೇನೆ ಎಂದರು. ಒಪ್ಪಿಕೊಂಡೆ. ನನಗೂ ಹುರುಪಿತ್ತು.

ಆ ದಿನಕ್ಕೆ ಮುಂಚಿನ ವಾರ ಪ್ರಾಣಿಮನೆಯ ಸಹಾಯಕಿ ರಜೆ ಕೇಳಿದಳು. ಯಾದಗಿರಿ ಕಡೆಯ ಹೆಣ್ಣುಮಗಳು. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ. ನಮ್ಮಲ್ಲಿ ಗುತ್ತಿಗೆಯ ಮೇಲೆ ಇದ್ದಳು.

"ತಂಗಿಗಿ ಏಳು ತಿಂಗಳಾಗ್ಯಾವ, ಕುಬಸ ಅದರೀ ಮೇಡಂ. ಊರಿಗಿ ಹೋಗಿ ಲಗೂನ ಬಂದುಬಿಡ್ತೀನ್ರಿ. ಕೊನೀ ದಿನಕ್ಕ ಇರ್ತೀನ್ರಿ."

ಬದಲಿಗೆ ಬರಬೇಕಾದ ಆಳನ್ನು ಗುತ್ತಿಗೆದಾರ ಕಳಿಸಲಿಲ್ಲ. ಕೇಜುಗಳ ಹಾಸು ಬದಲಿಸುವ ದಿನ ನಾನೇ ಗೌನು ತೊಟ್ಟು ಒಳಗೆ ಹೋದೆ.

ಹಾಸು ಎಂದರೆ ಜೋಳದ ದಿಂಡಿನ ಒರಟು ಪುಡಿ. ಇಲಿಗಳನ್ನು ಹೊಸ ಕೇಜಿಗೆ ಬಿಟ್ಟು, ಹಳೆಯ ಹಾಸನ್ನು ಚೀಲಕ್ಕೆ ಸುರಿಯಬೇಕು. ಹಳದಿ ಚೀಟಿಯ ಕೇಜುಗಳನ್ನು ಬಗ್ಗಿಸಿದರೆ ಪುಡಿ ಮರಳಿನ ಹಾಗೆ ಸರಸರನೆ ಜಾರಿತು. ಹಸಿರು ಚೀಟಿಯ ಮೊದಲ ಕೇಜಿನದು ಜಾರಲಿಲ್ಲ. ಮೂಲೆಯಲ್ಲಿ ಗಟ್ಟಿಯಾಗಿ ಅಂಟಿಕೊಂಡಿತ್ತು. ಕೈ ಹಾಕಿ ಕೆರೆದೆ. ಗ್ಲೌಸಿನ ಬೆರಳು ಜಿಡ್ಡಾಯಿತು. ನೀರಿನ ಬಾಟಲಿ ಸೋರಿದೆಯೇನೋ ಎಂದುಕೊಂಡು ಅಲುಗಿಸಿ ನೋಡಿದೆ; ಸೋರಿರಲಿಲ್ಲ. ಮುಂದಿನ ಹಸಿರು ಕೇಜೂ ಹಾಗೇ, ಅದರ ಮುಂದಿನದೂ ಹಾಗೇ. ಒಂದು ಹಿಡಿ ಹಾಸನ್ನು ಅಂಗೈಯಲ್ಲಿ ಉಜ್ಜಿದಾಗ ದಿಂಡಿನ ಪುಡಿಯ ನಡುವೆ ಮೆತ್ತನೆಯ ಕಂದು ಚೂರುಗಳು ಕಂಡವು.

ಅದು ತಿನಿಸು. ಇಲಿಗಳು ಕಡಿದು, ಕೆಡವಿ, ಹಾಸಿನ ಅಡಿ ಹೂತಿಟ್ಟ ತಿನಿಸು.

ಇಲಿಗಳು ಒಂದಿಷ್ಟು ಚೆಲ್ಲುವುದು ಮಾಮೂಲು. ಎಲ್ಲ ಗುಂಪುಗಳೂ ಅಷ್ಟಿಷ್ಟು ಚೆಲ್ಲುತ್ತವೆ ಎಂದು ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನೂ ಹಿಡಿದಿರಲಿಲ್ಲ. ಆದರೆ ಇದು ಅಷ್ಟಿಷ್ಟಲ್ಲ. ಚೀಲದ ಬಾಯಿ ಕಟ್ಟುವುದನ್ನು ನಿಲ್ಲಿಸಿ, ತಿನಿಸು ತಯಾರಿಸುವ ಕೋಣೆಯಿಂದ ಜರಡಿ ತಂದೆ. ಒಂದೊಂದೇ ಕೇಜಿನ ಹಾಸನ್ನು ಜರಡಿ ಹಿಡಿದು, ಇಲಿಯ ಹಿಕ್ಕೆಯನ್ನು ಚಿಮಟದಲ್ಲಿ ಹೆಕ್ಕಿ ತೆಗೆದು, ಉಳಿದ ಚೂರುಗಳನ್ನು ಗಾಜಿನ ತಟ್ಟೆಗೆ ಹಾಕಿ ತೂಗಿದೆ. ಹಳದಿ ಕೇಜುಗಳ ತಟ್ಟೆಯಲ್ಲಿ ಎರಡು ಚಿಟಿಕೆ. ಹಸಿರು ಕೇಜುಗಳ ತಟ್ಟೆ ತುಂಬಿ ಅಂಚಿನಿಂದ ಉದುರಿತು.

ಗ್ರಾಫಿನ ಹಸಿರು ಗೆರೆ ಕೆಳಗೆ ಬಾಗಿದ್ದು ಇದಕ್ಕೇನಾ?

ಹೊರಗೆ ಬಂದು ಮುಖಗವಸು ತೆಗೆದು ತಟ್ಟೆಯನ್ನು ಮೂಗಿನ ಹತ್ತಿರ ಹಿಡಿದೆ. ಹೊಸದಾಗಿ ಪಾಲಿಶ್ ಹೊಡೆದ ಬಾಗಿಲಿನ ವಾಸನೆ. ಬಡಗಿಗಳು ಮರಕ್ಕೆ ಬಳಿಯುವುದೂ ಅಗಸೆ ಎಣ್ಣೆಯನ್ನೇ. ಗಾಳಿಯ ಆಮ್ಲಜನಕದ ಜೊತೆ ಅದು ಬೇರೆ ಎಣ್ಣೆಗಳಿಗಿಂತ ಬೇಗ ಸೇರಿಕೊಳ್ಳುತ್ತದೆ. ಆದ್ದರಿಂದಲೇ ಬಾಗಿಲ ಮೇಲೆ ಒಣಗಿ ಹೊಳೆಯುತ್ತದೆ, ಆದ್ದರಿಂದಲೇ ತಿನಿಸಿನಲ್ಲಿ ಬೇಗ ಕಮಟಾಗುತ್ತದೆ. ನಮ್ಮ ತಿನಿಸು ಶೀತಕೋಣೆಯಲ್ಲಿ ಚೆನ್ನಾಗಿಯೇ ಇತ್ತು. ಆದರೆ ತೊಟ್ಟಿಗೆ ತುಂಬಿದ ಮೇಲೆ ಮೂರು ನಾಲ್ಕು ದಿನ ಕೋಣೆಯ ಬೆಚ್ಚನೆ ಗಾಳಿಯಲ್ಲಿ ಬಿದ್ದಿರುತ್ತಿತ್ತು.

ಮೂಗನ್ನು ನಂಬಿ ಏನೂ ಹೇಳುವಂತಿಲ್ಲ. ಶೀತಕೋಣೆಯ ತಿನಿಸಿನಿಂದಲೂ ತೊಟ್ಟಿಯಲ್ಲಿ ಉಳಿದ ತಿನಿಸಿನಿಂದಲೂ ಎಣ್ಣೆ ಬೇರ್ಪಡಿಸಿ ಪರೀಕ್ಷೆಗೆ ಇಟ್ಟೆ. ಎಣ್ಣೆ ಕಮಟಾಗಿದ್ದರೆ ಅದಕ್ಕೆ ಹಾಕಿದ ದ್ರಾವಣದಿಂದ ಅಯೋಡಿನ್ ಬಿಡುಗಡೆಯಾಗುತ್ತದೆ. ಗಂಜಿ ಬೆರೆಸಿದರೆ ಕಡು ನೀಲಿ. ಆ ನೀಲಿ ಹೋಗುವವರೆಗೆ ಇನ್ನೊಂದು ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ಎಷ್ಟು ಹನಿ ಬೇಕೋ ಅಷ್ಟು ಕಮಟು. ಶೀತಕೋಣೆಯದು ಕೆಲವೇ ಹನಿಗೆ ತಿಳಿಯಾಯಿತು. ತೊಟ್ಟಿಯದು ಆಗಲಿಲ್ಲ. ಹನಿ ಬಿಡುತ್ತಲೇ ಹೋದೆ. ನಳಿಗೆಯಲ್ಲಿ ದ್ರಾವಣ ಇಳಿಯುತ್ತ ಇಳಿಯುತ್ತ ತಳ ಕಾಣುವಂತಾಯಿತು. ಸೀಸೆಯ ನೀಲಿ ಹಾಗೇ ಇತ್ತು. ಕೈ ತಪ್ಪಿರಬಹುದೆಂದು ಮೊದಲಿನಿಂದ ಮತ್ತೆ ಮಾಡಿದೆ. ಅದೇ ಬಂತು.

ಇಲಿಗಳು ತಿನಿಸನ್ನು ಕಡಿದು ನೋಡಿ ಬೇಡವೆಂದು ಕೆಡವಿದ್ದವು. ನಮ್ಮ ಕಳೆಯುವ ಲೆಕ್ಕ, ಕೆಡವಿದ್ದನ್ನೆಲ್ಲ ತಿಂದದ್ದೆಂದು ಬರೆದುಕೊಂಡಿತ್ತು.

ನಿರ್ದೇಶಕರ ಮುಂದೆ ಎರಡು ತಟ್ಟೆಗಳನ್ನು ಇಟ್ಟೆ. ಅವರು ಹಸಿರು ಗುಂಪಿನ ತಟ್ಟೆಯನ್ನು ಮೂಸಿ, ಮುಖ ಸಿಂಡರಿಸಿ, ಪಕ್ಕಕ್ಕಿಟ್ಟರು.

"ಸರಿ, ಇದೊಂದು ಅಬ್ಸರ್ವೇಶನ್. ರಿಪೋರ್ಟಲ್ಲಿ ಕೆಳಗೆ ಸಣ್ಣದಾಗಿ ಒಂದು ಸಾಲು ಹಾಕೋಣ."

"ಸಾರ್, ಇದು ಕೆಳಗೆ ಹಾಕೋ ಸಾಲಲ್ಲ. ಎರಡು ಗುಂಪೂ ಒಂದೇ ಸಮ ತಿಂದಿವೆ ಅನ್ನೋದೇ ಸುಳ್ಳಾಗಿದೆ. ಆಮೇಲೆ ಎಣ್ಣೆಯ ಸಮತೋಲದ ಬಗ್ಗೆ ನಾವು ಏನು ಹೇಳೋಕಾಗುತ್ತೆ?"

"ಹೇಳ್ತಾ ಇರೋದು ನಾವಲ್ಲ, ಡೇಟಾ." ಪೆನ್ನು ತಿರುಗಿಸಿದರು. "ಕೇಜ್ ಕ್ಲೀನ್ ಮಾಡೋರು ಇದನ್ನ ನೋಡಿ ಹೇಳ್ಬೇಕಿತ್ತಲ್ವಾ? ಆ ಹುಡುಗಿ ಏನ್ಮಾಡ್ತಿದ್ಲು ಇಷ್ಟು ದಿನ? ಕಾಂಟ್ರಾಕ್ಟರ್‌ಗೆ ಹೇಳಿ ಬೇರೆಯವ್ರನ್ನ ಹಾಕಿಸ್ತೀನಿ. ಹ್ಯಾಂಡ್ಲಿಂಗ್ ಎರರ್ ಅಂತ ಬರೆದ್ರೆ ಮುಗೀತು."

"ಹಾಸು ಜರಡಿ ಹಿಡೀಬೇಕು ಅಂತ ಪ್ರೋಟೋಕಾಲಲ್ಲಿ ಇಲ್ಲ ಸಾರ್. ಅದನ್ನ ಬರೆದಿರೋದು ನಾನು. ಅವಳನ್ನ ತೆಗೆದ್ರೆ ನನ್ನನ್ನೂ ತೆಗೀಬೇಕಾಗುತ್ತೆ."

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಕೆಟ್ಟ ಮನುಷ್ಯರಲ್ಲ. ಸಂಬಳದ ದಿನ ತಮ್ಮದನ್ನು ಬಿಟ್ಟು ಉಳಿದವರೆಲ್ಲರಿಗೆ ಹಾಕಿದ್ದನ್ನು ನಾನು ಬಲ್ಲೆ. "ಯೋಚ್ನೆ ಮಾಡಿ ಮೇಡಂ" ಎಂದಷ್ಟೇ ಹೇಳಿ ಫೋನು ಎತ್ತಿಕೊಂಡರು.

ಯೋಚನೆ ಮಾಡಿದೆ. ಏನೂ ಹೇಳದೆ ಕೊನೆಯ ಹಂತಕ್ಕೆ ಹೋದರೆ ಹಸಿರು ಗುಂಪಿನ ಹೊಟ್ಟೆಯಲ್ಲಿ ಕೊಬ್ಬು ಖಂಡಿತ ಕಡಿಮೆ ಇರುತ್ತಿತ್ತು. ಸಂಖ್ಯೆ ನಿಜ, ತೂಕದ ಯಂತ್ರ ನಿಜ, ಸಹಿ ನಿಜ. ಅದರ ಅರ್ಥ ಮಾತ್ರ ಸುಳ್ಳು. ಮತ್ತು ಒಮ್ಮೆ ಇಲಿಗಳನ್ನು ಕೊಂದರೆ ಕೇಳಲು ಯಾರೂ ಉಳಿಯುವುದಿಲ್ಲ. ಆ ಎರಡು ಮೂರು ದಿನ ಮನೆಯಲ್ಲಿ ಒಗ್ಗರಣೆಗೆ ಎಣ್ಣೆ ಕಾಯಿಸುವಾಗಲೂ ನನ್ನ ಮೂಗು ಅದರಲ್ಲಿ ಏನನ್ನೋ ಹುಡುಕುತ್ತಿತ್ತು.

ಗೊತ್ತುಮಾಡಿದ ದಿನ ಬೆಳಿಗ್ಗೆ ಎಲ್ಲ ಸಿದ್ಧವಾಗಿತ್ತು. ಮೇಜಿನ ಮೇಲೆ ಕತ್ತರಿ, ಚಿಮಟ, ಬೆಳ್ಳಿಹಾಳೆಯ ತುಂಡುಗಳು, ತೂಕದ ಯಂತ್ರ. ಸಹಾಯಕಿ ಊರಿಂದ ನೇರ ಬಸ್ಸಿಳಿದು ಬಂದಿದ್ದಳು. ಮಾಲೀಕರಿಗೆ ನಮ್ಮಲ್ಲಿದ್ದ ದೊಡ್ಡ ಗೌನು ಕೊಟ್ಟಿದ್ದರೂ ಬೆನ್ನಿನ ಹಿಂದೆ ದಾರ ಕೂಡಿರಲಿಲ್ಲ. ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಮೂಲೆಯಲ್ಲಿ ನಿಂತಿದ್ದರು. ಸಹಾಯಕಿ ಹಸಿರು ಚೀಟಿಯ ಮೊದಲ ಕೇಜನ್ನು ತಂದು ಮೇಜಿನ ಮೇಲಿಟ್ಟಳು. ಇಲಿಯೊಂದು ಹಿಂಗಾಲ ಮೇಲೆ ನಿಂತು ಗಾಳಿ ಮೂಸಿತು.

ಕೈ ಮುಂದೆ ಹೋಗಲಿಲ್ಲ.

"ಇವತ್ತು ಇದು ಬೇಡ" ಎಂದೆ. "ಕೇಜನ್ನ ವಾಪಸ್ ಇಡು."

ನಿರ್ದೇಶಕರು ನನ್ನನ್ನು ಹೊರಗೆ ಕರೆದರು. ಕಾರಿಡಾರಿನಲ್ಲಿ ದನಿ ತಗ್ಗಿಸಿದರು.

"ಏನ್ ಮಾಡ್ತಿದೀರಾ ಗೊತ್ತಾ? ಕ್ಲೈಂಟ್ ಎದುರಿಗೆ! ಈ ಪ್ರಾಜೆಕ್ಟ್ ಹೋದ್ರೆ ಪ್ರಾಣಿಮನೆ ಮುಚ್ಚಬೇಕಾಗುತ್ತೆ ಕಣ್ರೀ. ನಿಮ್ಮ ಆ ಹುಡುಗೀನೂ ಮನೆಗೆ ಹೋಗ್ತಾಳೆ, ನೀವೂ, ನಾನೂ."

"ಗೊತ್ತು ಸಾರ್. ಆದ್ರೆ ಅಧ್ಯಯನದ ಹೊಣೆ ನನ್ನ ಹೆಸರಲ್ಲಿದೆ. ನಾನು ಸಹಿ ಹಾಕದೆ ಇದು ಶುರುವಾಗಲ್ಲ. ನಾನು ಹಾಕ್ತಿಲ್ಲ."

ನಿರ್ದೇಶಕರು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಒಳಗೆ ಬಂದು, ಫ್ರೀಜರಿನಲ್ಲಿಟ್ಟಿದ್ದ ಎರಡು ತಟ್ಟೆಗಳನ್ನು ತೆಗೆದು ಮಾಲೀಕರಿಗೆ ತೋರಿಸಿ, ಆದದ್ದನ್ನೆಲ್ಲ ಹೇಳಿದೆ.

ಅವರು ತಟ್ಟೆ ನೋಡಲಿಲ್ಲ. ನನ್ನ ಮುಖ ನೋಡುತ್ತಿದ್ದರು.

"ಅಂದ್ರೆ ಅವು ಉಣ್ಣಲಿಲ್ಲ."

"ಪೂರ್ತಿ ಉಣ್ಣಲಿಲ್ಲ ಸಾರ್."

"ಕಮ್ಮಿ ಉಂಡ್ವು. ಅದ್ಕೇ ಸಣ್ಣ ಆದ್ವು."

"ಹಾಗೇ ಕಾಣುತ್ತೆ."

"ನಮ್ಮವ್ವ, ನಮ್ಮಣ್ಣ, ಡಾಕುಟ್ರು, ಎಲ್ರೂ ಇದನ್ನೇ ತಾನೆ ಮೇಡಂ ಯೋಳ್ತಾ ಬಂದಿದ್ದು, ಬಾಯಿ ಕಟ್ಟು ಅಂತ. ಇದನ್ನ ಕೇಳಕ್ಕೆ ನಾನು ಇಲ್ಲೀಗಂಟ ಬರ್ಬೇಕಿತ್ತಾ?"

ಹಿಡಿದಿದ್ದ ಗೌನನ್ನು ಬಿಟ್ಟರು. ಅದು ಭುಜದಿಂದ ಜಾರಿ ನೆಲಕ್ಕೆ ಬಿತ್ತು. ಸಹಾಯಕಿ ಬಗ್ಗಿ ಎತ್ತಿಕೊಂಡಳು. ನನಗೆ ತೋಚಿದ್ದು ಕೆಲಸದ ಮಾತೊಂದೇ.

"ಇನ್ನೂ ಖಾತ್ರಿಯಾಗಿಲ್ಲ ಸಾರ್. ಖಾತ್ರಿ ಮಾಡ್ಕೊಳ್ಳೋ ದಾರಿ ಇದೆ. ಇದೇ ಇಲಿಗಳಿಗೆ ನಿಮ್ಮ ಎಣ್ಣೆಯದೇ ಹೊಸ ತಿನಿಸು, ದಿನಾ ತಾಜಾ ಕೊಡೋಣ. ಕಮಟಾಗೋಕೆ ಬಿಡಬಾರದು. ಪೂರ್ತಿ ತಿಂದೂ ಇವು ತೆಳ್ಳಗೇ ಉಳಿದ್ರೆ ನಿಮ್ಮ ಮಾತು ನಿಂತಿತು. ತಿಂದು ದಪ್ಪ ಆದ್ರೆ ವಾಸನೆಯೇ ಕಾರಣ."

ಬಾಗಿಲ ತನಕ ಹೋಗಿದ್ದವರು ನಿಂತರು.

"ಮಾಡಿ. ಆದ್ರೆ ತೂಕ ಆಕೋವಾಗ ನಾನಿರ್ತೀನಿ."

ಅವರ ಗಿರಣಿಯಲ್ಲಿ ಅಂದೇ ತೆಗೆದ ಎಣ್ಣೆ ಬಂತು. ಅದಕ್ಕೆ ಕಮಟು ತಡೆಯಲು ವಿಟಮಿನ್ ಇ ಬೆರೆಸಿ, ತಿನಿಸು ಮಾಡಿ, ಒಂದೊಂದು ದಿನಕ್ಕೆ ಒಂದೊಂದು ಪೊಟ್ಟಣ ಕಟ್ಟಿ ಫ್ರೀಜರಿನಲ್ಲಿಟ್ಟೆವು. ಹಳದಿಯವುಗಳ ಸೂರ್ಯಕಾಂತಿ ತಿನಿಸಿಗೂ ಅದೇ ಕ್ರಮ. ಹಾಸಿನ ಬದಲು ತಂತಿಬಲೆ ಹಾಕಿದೆವು. ಕೆಡವಿದ್ದು ಬಲೆಯಿಂದ ಇಳಿದು ಕೆಳಗಿನ ಕಾಗದದ ಮೇಲೆ ಬೀಳುತ್ತದೆ, ಅದನ್ನೂ ತೂಗಬಹುದು.

ಹೊಸ ತಿನಿಸು ಹಾಕಿದ ಮರುದಿನ ಬೆಳಿಗ್ಗೆ ಮಾಲೀಕರು ಊರಿನ ಆ ತುದಿಯಿಂದ ಈ ತುದಿಗೆ ಬಂದು ಪ್ರಾಣಿಮನೆಯ ಬಾಗಿಲಲ್ಲಿ ಕಾಯುತ್ತಿದ್ದರು. ಸಹಾಯಕಿ ಇಲಿಯನ್ನು ಬಾಲ ಹಿಡಿದೆತ್ತಿ ಯಂತ್ರದ ಡಬ್ಬಿಗೆ ಬಿಟ್ಟಳು. ಹಸಿರು ಗುಂಪಿನ ತೂಕ ಏರುವುದಿರಲಿ, ಒಂದಿಷ್ಟು ಇಳಿದಿತ್ತು. ಕಾಗದದ ಮೇಲೆ ಹೊಸ ತಿನಿಸಿನ ಚೂರು ರಾಶಿ ಬಿದ್ದಿತ್ತು.

"ಇಳಿದೈತೆ!" ಮಾಲೀಕರ ದನಿಗೆ ಜೀವ ಬಂತು. "ತಾಜಾ ಕೊಟ್ರೂ ಇಳಿದೈತೆ ಮೇಡಂ!"

"ಇವತ್ತೂ ತಿಂದಿಲ್ಲ ಸಾರ್. ಕಾಗದ ನೋಡಿ."

"ಯಾಕೆ ತಿಂದಿಲ್ಲ? ಈಗ ವಾಸನೆ ಇಲ್ಲವಲ್ಲ."

ಅದರ ಮಾರನೆಯ ದಿನವೂ ಹಾಗೇ. ನಿರ್ದೇಶಕರು ಬಾಗಿಲ ಗಾಜಿನಿಂದ ನೋಡಿ, "ಕಮಟು ಅಂದ್ರಿ, ಈಗ ಏನಂತೀರಾ?" ಎಂದು ಕೇಳಿ ಹೋದರು. ಹೊಸ ತಿನಿಸಿನ ಎಣ್ಣೆಯನ್ನು ಮತ್ತೆ ಪರೀಕ್ಷಿಸಿದೆ, ತಿಳಿಯಾಗಿಯೇ ಇತ್ತು. ಹಾಗಾದರೆ ಈ ಎಣ್ಣೆಗೆ ಹಸಿವನ್ನೇ ತಗ್ಗಿಸುವ ಗುಣವಿದೆಯೇ? ಅಥವಾ ನಾನೇ ತಪ್ಪೇ? ಒಬ್ಬ ಮನುಷ್ಯನ ಆಸೆಯನ್ನು ಅವನ ಮುಖಕ್ಕೇ ಎಸೆದು, ಒಂದು ಸಂಸ್ಥೆಯನ್ನು ಅಂಚಿಗೆ ತಂದು ನಿಲ್ಲಿಸಿ, ಈಗ ತಪ್ಪು ನನ್ನದೇ ಆಗಿದ್ದರೆ?

ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿಟ್ಟು ಕುಳಿತಿದ್ದಾಗ ಒಂದು ವಿಷಯ ಹೊಳೆಯಿತು. ಕೆಟ್ಟ ತಿನಿಸಿನಿಂದ ಒಮ್ಮೆ ತೊಂದರೆಯಾದರೆ ಇಲಿ ಆ ರುಚಿಯನ್ನು ದಿನಗಟ್ಟಲೆ ನೆನಪಿಟ್ಟುಕೊಳ್ಳುತ್ತದೆ. ವಿಷ ಬೆರೆಸಿದ ಉಂಡೆಯನ್ನು ಎರಡನೇ ಸಲ ಮುಟ್ಟದಿರುವುದು ಹೀಗೇ. ತಿನಿಸು ಹೊಸದಾದರೂ ಅಗಸೆಯ ರುಚಿ ಅದೇ. ಹಳೆಯ ಇಲಿಗಳು ಅದನ್ನು ನಂಬುತ್ತಿಲ್ಲ, ಅಷ್ಟೇ ಇರಬಹುದು. ಖಾಲಿ ಬಿದ್ದಿದ್ದ ಭಾಗದಲ್ಲಿ, ಯಾವ ಪ್ರಯೋಗಕ್ಕೂ ಸೇರದ ಹೊಸ ಇಲಿಗಳು ಕೆಲವಿದ್ದವು. ಅವುಗಳಿಗೆ ಒಂದು ತೊಟ್ಟಿಯಲ್ಲಿ ಹಳೆಯ ಕಮಟು ತಿನಿಸು, ಇನ್ನೊಂದರಲ್ಲಿ ತಾಜಾ ಅಗಸೆ ತಿನಿಸು ಇಟ್ಟೆ. ಬೆಳಿಗ್ಗೆ ಬಂದು ನೋಡಿದರೆ ತಾಜಾ ತೊಟ್ಟಿ ಬರಿದಾಗಿತ್ತು. ಕಮಟಿನ ಉಂಡೆಯ ಮೇಲೆ ಬರೀ ಹಲ್ಲಿನ ಗುರುತು.

ಮಾಲೀಕರಿಗೆ ಅದನ್ನು ತೋರಿಸಿದೆ. ಬಗ್ಗಿ ಎರಡೂ ತೊಟ್ಟಿಗಳನ್ನು ನೋಡಿದರು.

"ಅಂಗಾರೆ ಕಾಯಾಣ" ಎಂದರು.

ಕಾದೆವು. ಮೊದಲು ಒಂದು ಕೇಜಿನವು ತಿನ್ನತೊಡಗಿದವು, ಮರುದಿನ ಪಕ್ಕದವು. ಒಂದು ಬೆಳಿಗ್ಗೆ ಸಹಾಯಕಿ ಮುಚ್ಚಳ ಎತ್ತಿ, "ಸಾಹೇಬ್ರ, ಇವತ್ತ ತೊಟ್ಟಿ ಪೂರಾ ಖಾಲಿ ಅದ ನೋಡ್ರಿ" ಎಂದಳು. ಅಂದಿನಿಂದ ತೂಕವನ್ನು ಮಾಲೀಕರೇ ಗಟ್ಟಿಯಾಗಿ ಓದತೊಡಗಿದರು. ದಿನದಿನಕ್ಕೂ ಸಂಖ್ಯೆ ಏರಿತು, ಅವರ ದನಿ ಇಳಿಯಿತು. ತಮ್ಮ ಎಣ್ಣೆಯ ಪವಾಡ ತಮ್ಮ ಬಾಯಿಯಿಂದಲೇ ಕರಗುವುದನ್ನು ಅವರು ನಿಂತು ಓದಿದರು. ಒಂದು ದಿನವೂ ತಪ್ಪಿಸಲಿಲ್ಲ. ಹಸಿರು ಗೆರೆ ಹಳದಿಯ ಹತ್ತಿರ ಹತ್ತಿರಕ್ಕೆ ಬಂದ ದಿನ ಯಂತ್ರವನ್ನು ಆರಿಸಿ, "ಸಾಕು ಮೇಡಂ, ಅರ್ತ ಆಯ್ತು" ಎಂದರು.

ನಿರ್ದೇಶಕರು ಅವರನ್ನು ಕೋಣೆಗೆ ಕರೆದು ಕ್ಷಮೆ ಕೇಳಲು ಶುರುಮಾಡಿದರು. ಒಪ್ಪಂದ ಮುರಿಯುವುದು ಖಂಡಿತ ಎಂದು ನಾವಿಬ್ಬರೂ ಎಣಿಸಿದ್ದೆವು. ಮಾಲೀಕರು ಕೈಯೆತ್ತಿ ತಡೆದರು.

"ನಾನೊಂದು ಕೇಳ್ತೀನಿ ಸಾರ್. ಎರಡೂ ಗುಂಪು ನಿಜವಾಗ್ಲೂ ಒಂದೇ ಸಮ ಉಂಡ್ರೆ ಏನಾಗ್ತದೆ ಅಂತ ಇನ್ನೂ ಯಾರೂ ನೋಡೇ ಇಲ್ವಲ್ಲ?"

ನಿರ್ದೇಶಕರು ನನ್ನ ಕಡೆ ನೋಡಿದರು.

"ಇಲ್ಲ ಸಾರ್, ನೋಡಿಲ್ಲ" ಎಂದೆ.

"ಅದನ್ನ ನೋಡಿ. ಮೊದಲಿಂದ ಮಾಡಿ. ತೂಕ ಇಳಿಸೋ ಎಣ್ಣೆ ಅಂತ ಲೇಬಲ್ ಮಾಡ್ಸಿಟ್ಟಿದ್ದೆ, ಅದನ್ನ ಸುಟ್ಟಾಕ್ತೀನಿ. ಬಂದಿದ್ದು ಬರ್ಲಿ."

ಹಳೆಯ ಇಲಿಗಳನ್ನು ಉಳಿಸಿಕೊಳ್ಳಲಾಗಲಿಲ್ಲ. ಅಷ್ಟು ಬದಲಾವಣೆಗಳ ನಂತರ ಅವು ಯಾವ ಲೆಕ್ಕಕ್ಕೂ ಬರುವಂತಿರಲಿಲ್ಲ. ಅವುಗಳ ಕೊನೆಯ ಕೆಲಸವನ್ನು ನಾನೇ ಮಾಡಿದೆ, ಬೇರೆಯವರಿಗೆ ವಹಿಸಲಿಲ್ಲ.

ಎರಡನೇ ಸುತ್ತು ಬಹಳ ನಿಧಾನದ್ದು. ಪ್ರತಿದಿನ ತಾಜಾ ಪೊಟ್ಟಣ, ಪ್ರತಿದಿನ ಚೂರಿನ ತೂಕ. ಇಂದು ಯಾವ ಗುಂಪು ಕಡಿಮೆ ತಿಂದಿತೋ ನಾಳೆ ಇನ್ನೊಂದಕ್ಕೂ ಅಷ್ಟೇ ಅಳತೆ. ಒಮ್ಮೆ ಕೈಗಾರಿಕಾ ಪ್ರದೇಶದಲ್ಲೆಲ್ಲ ಕರೆಂಟು ಹೋಗಿ, ಜನರೇಟರೂ ಕೈಕೊಟ್ಟು, ಫ್ರೀಜರಿನ ತಿನಿಸು ಕರಗತೊಡಗಿತು. ನಿರ್ದೇಶಕರು ತಾವೇ ಕಾರು ತೆಗೆದುಕೊಂಡು ಹೋಗಿ ಐಸ್ ಗಡ್ಡೆ ಹೊತ್ತು ತಂದರು. ಅಂಗಿಯೆಲ್ಲ ತೊಯ್ದಿತ್ತು. "ಈ ಸಲ ಎಣ್ಣೆ ಕೆಟ್ಟಿದ್ರೆ ಅದು ನನ್ನ ತಲೆ ಮೇಲೆ ಬರುತ್ತೆ" ಎಂದು ನಗಲು ನೋಡಿದರು. ಸಹಾಯಕಿಯ ಬಗ್ಗೆ ಅವರು ಮತ್ತೆ ಮಾತೆತ್ತಲಿಲ್ಲ. ಚೂರು ತೂಗುವ ಕೆಲಸವನ್ನು ಈಗ ಅವಳೇ ನೋಡಿಕೊಳ್ಳುತ್ತಿದ್ದಳು.

ಕೊನೆಗೆ ಬಂದ ಫಲಿತಾಂಶದಲ್ಲಿ ಎರಡು ಗೆರೆಗಳು ಒಂದರ ಪಕ್ಕ ಒಂದು ನಡೆದಿದ್ದವು. ಹಸಿರು ತುಸು ಕೆಳಗೆ. ಎಷ್ಟು ತುಸು ಎಂದರೆ ಅದು ಎಣ್ಣೆಯಿಂದ ಬಂದದ್ದೋ ಆಕಸ್ಮಿಕವೋ ಎಂದು ಖಚಿತವಾಗಿ ಹೇಳಲಾರದಷ್ಟು. ಹೊಟ್ಟೆಯ ಕೊಬ್ಬಿನ ತೂಕವೂ ಹಾಗೇ. ಒಂದು ಕಡೆ ಮಾತ್ರ ವ್ಯತ್ಯಾಸ ಕಣ್ಣಿಗೆ ಕಾಣುವಂತಿತ್ತು. ಕೊಬ್ಬಿನ ತೆಳು ಪದರ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟಾಗ ಹಸಿರು ಗುಂಪಿನ ಕೋಶಗಳು ಚಿಕ್ಕವಾಗಿದ್ದವು. ವರದಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದೆ: ಒಂದೇ ಪ್ರಮಾಣದಲ್ಲಿ ತಿಂದಾಗ ತೂಕದ ವ್ಯತ್ಯಾಸ ಅತ್ಯಲ್ಪ, ಕೋಶದ ಗಾತ್ರದ ವ್ಯತ್ಯಾಸವನ್ನು ಮತ್ತೆ ಪರೀಕ್ಷಿಸಬೇಕು, ಮನುಷ್ಯರ ವಿಷಯದಲ್ಲಿ ಇದರಿಂದ ಏನನ್ನೂ ಹೇಳಲಾಗದು.

ಮಾಲೀಕರು ವರದಿಯನ್ನು ನಿಧಾನವಾಗಿ ಓದಿ ಮಡಿಚಿಟ್ಟರು. ಬೇಸರಪಟ್ಟ ಹಾಗೆ ಕಾಣಲಿಲ್ಲ.

"ಆ ಕೋಶ ಅಂದ್ರಲ್ಲ ಮೇಡಂ, ಅದನ್ನ ನಾನೂ ನೋಡಬಹುದಾ?"

ಸೂಕ್ಷ್ಮದರ್ಶಕದ ಮುಂದೆ ಸ್ಟೂಲು ಹಾಕಿದೆ. ಅವರು ಎರಡೂ ಕೈಗಳನ್ನು ಮೊಣಕಾಲಿನ ಮೇಲಿಟ್ಟು ಬಗ್ಗಿದರು. ಮೊದಲು ಹಳದಿ ಗುಂಪಿನದನ್ನು ತೋರಿಸಿದೆ: ಒಂದಕ್ಕೊಂದು ಒತ್ತಿಕೊಂಡ ದೊಡ್ಡ ದೊಡ್ಡ ಬಿಳಿ ಗುಳ್ಳೆಗಳು. ಆಮೇಲೆ ಹಸಿರಿನದು.

"ಇವು ಸಣ್ಣಕವೆ" ಎಂದರು, ಕಣ್ಣು ತೆಗೆಯದೆ.

"ಹೌದು ಸಾರ್."

"ಎರಡೂ ಒಂದೇ ಸಮ ಉಂಡಿದ್ವು."

"ಒಂದೇ ಸಮ. ಚೂರೂ ಬಿಡದೆ ತೂಗಿದ್ದೀವಿ."

ಅವರ ಉಸಿರು ಒಮ್ಮೆ ದೀರ್ಘವಾಗಿ ಹೋಗಿ ಬಂತು. ಇದು ಎಷ್ಟು ಸಣ್ಣ ಸಂಗತಿ, ಇದನ್ನು ಎಷ್ಟು ನಂಬಬಹುದು, ಎಲ್ಲಿ ನಂಬಬಾರದು ಎಂದು ವಿವರಿಸಲು ಬಾಯಿ ತೆರೆದೆ. ಅದೆಲ್ಲ ವರದಿಯಲ್ಲಿದೆ, ಅವರು ಓದಿಯೂ ಇದ್ದಾರೆ ಎಂದು ಸುಮ್ಮನಾದೆ.

"ಇನ್ನೊಂದ್ಸಲ ಆ ಕಡೇದು ಆಕಿ ಮೇಡಂ, ಎರಡನ್ನೂ ನೋಡ್ತೀನಿ."

ನಾನು ಗಾಜಿನ ಪಟ್ಟಿ ಬದಲಿಸಿದೆ. ಅವರು ಮತ್ತೆ ಬಗ್ಗಿದರು.